ಮಾತು ‘ಫೀಹೆಸೆ ಕೆ’ ಅಂತ ಶುರುವಾದರೆ ಹುಷಾರು

ಸ್ಪ್ಯಾನಿಷ್ ಕಲಿಯೋಕೆ ಗ್ವಾಟೆಮಾಲಾದ ಆಂಟಿಗುವಾಗೆ ಹೋಗೋಣ ಅಂತ ಯೋಚನೆ ಇದ್ದರೆ, ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ. ನಾಲ್ಕು ವಾರದ್ದು ಒಟ್ಟಿಗೆ ಕಟ್ಟಿ ನಾನು ಪಟ್ಟ ಪಾಡು ಇದು. (ವಿವಿಯನ್ ರಿಚರ್ಡ್ಸ್ ಹುಟ್ಟಿದ ಆಂಟಿಗುವಾ ಬೇರೆ, ಅದು ದ್ವೀಪ. ಟಿಕೆಟ್ ತೆಗೆಯುವಾಗ ನೋಡಿಕೊಳ್ಳಿ, ವಿಮಾನ ಇಳಿಯಬೇಕಾದ್ದು ಗ್ವಾಟೆಮಾಲಾ ಸಿಟಿಯಲ್ಲಿ.)

ನಾನು ಡಾಲಸ್‌ನಲ್ಲಿ ಫಿಸಿಯೊಥೆರಪಿಸ್ಟ್. ನನ್ನ ಹತ್ತಿರ ಬರುವವರಲ್ಲಿ ತುಂಬಾ ಜನ ಸ್ಪ್ಯಾನಿಷ್ ಮಾತಾಡುವವರು. ಅಜ್ಜಿ ಮಂಡಿ ಹಿಡಿದುಕೊಂಡು ಐದು ನಿಮಿಷ ಏನೋ ಹೇಳುತ್ತಾರೆ. ಮೊಮ್ಮಗ ಮೊಬೈಲಿನಿಂದ ತಲೆ ಎತ್ತದೆ, "ನೋವಂತೆ" ಅಂತ ಇಂಗ್ಲಿಷಿನಲ್ಲಿ ಮುಗಿಸುತ್ತಾನೆ. ಅಜ್ಜಿ ಹೇಳಿದ್ದು ಅಷ್ಟೇ ಅಲ್ಲ ಅಂತ ನನಗೂ ಗೊತ್ತು, ಅಜ್ಜಿಗೂ ಗೊತ್ತು. ಅದಕ್ಕೇ 2024ರ ಮಾರ್ಚ್‌ನಲ್ಲಿ ಒಂದು ತಿಂಗಳು ರಜೆ ಹಾಕಿದೆ.

ಆಂಟಿಗುವಾನೇ ಯಾಕೆ ಅಂದರೆ, ಫೋಟೊ ನೋಡಿ ಮರುಳಾದೆ. ಹಳದಿ ಬಣ್ಣದ ಸಾಂತಾ ಕತಲಿನಾ ಕಮಾನು, ಅದರ ಹಿಂದೆ ಅಗ್ವಾ ಜ್ವಾಲಾಮುಖಿ. ಸ್ಪೇನ್‌ನವರು 1543ರಲ್ಲಿ ಕಟ್ಟಿದ ರಾಜಧಾನಿ ಇದು. 1773ರ ಭೂಕಂಪದಲ್ಲಿ ಊರು ಕುಸಿದು ಬಿತ್ತು, ರಾಜಧಾನಿಯನ್ನು ಈಗಿನ ಗ್ವಾಟೆಮಾಲಾ ಸಿಟಿಗೆ ಎತ್ತಿಕೊಂಡು ಹೋದರು. ಸೂರು ಹೋದ ಚರ್ಚುಗಳು ಇವತ್ತಿಗೂ ಹಾಗೇ ನಿಂತಿವೆ, ಪಕ್ಕದಲ್ಲೇ ಜನ ಬಟ್ಟೆ ಒಣಗಿಸಿಕೊಂಡು ಸಂಸಾರ ಮಾಡುತ್ತಾರೆ. 1979ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಸುಮಾರು 1,500 ಮೀಟರ್ ಎತ್ತರ, ಹವಾ ಹಳೇ ಬೆಂಗಳೂರಿನ ಹಾಗೆ. ಬೀದಿಯಿಂದ ನೋಡಿದರೆ ಬರೀ ಗೋಡೆ ಮತ್ತು ಬಾಗಿಲು, ಒಳಗೆ ಕಾಲಿಟ್ಟರೆ ನಮ್ಮ ತೊಟ್ಟಿ ಮನೆಯದೇ ಅಂಗಳ. ಊರು ಫೋಟೊದಲ್ಲಿ ಇದ್ದ ಹಾಗೇ ಇದೆ, ಅದರಲ್ಲಿ ಮೋಸ ಇಲ್ಲ. ಆದರೆ ನಾನು ಊರನ್ನು ಆರಿಸಿದೆ, ಶಾಲೆಯನ್ನು ಆರಿಸಲೇ ಇಲ್ಲ. ಯಾವುದೋ ಒಂದು ವೆಬ್‌ಸೈಟಿನಲ್ಲಿ 1,240 ಡಾಲರ್ ಕಟ್ಟಿ ನೆಮ್ಮದಿಯಾಗಿ ಮಲಗಿದೆ. ಶಾಲೆಯ ಹೆಸರು ಬರೆಯೋಲ್ಲ, ಕೇಳಬೇಡಿ.

ದಿನಕ್ಕೆ ನಾಲ್ಕು ಗಂಟೆ ಕ್ಲಾಸು, ಒಬ್ಬ ಟೀಚರಿಗೆ ಒಬ್ಬನೇ ವಿದ್ಯಾರ್ಥಿ, ಜೊತೆಗೆ ‘ಸ್ಥಳೀಯ ಕುಟುಂಬದೊಂದಿಗೆ ವಾಸ’. ಕಲ್ಲು ಹಾಸಿನ ರಸ್ತೆಯಲ್ಲಿ ಸೂಟ್‌ಕೇಸ್ ಎಳೆದು ಎಳೆದು ಒಂದು ಚಕ್ರ ಕಿತ್ತು ಬಂತು. ಮನೆ ತಲುಪಿದರೆ ಅಲ್ಲಿ ನನ್ನನ್ನೂ ಸೇರಿಸಿ ಒಂಬತ್ತು ವಿದ್ಯಾರ್ಥಿಗಳು! ಊಟದ ಮೇಜಿನ ತುಂಬಾ ಇಂಗ್ಲಿಷ್. ಮನೆಯಾಕೆ ತಟ್ಟೆ ಇಟ್ಟು "ಬುಯೆನ್ ಪ್ರೊವೆಚೊ" (ಚೆನ್ನಾಗಿ ಊಟ ಮಾಡಿ) ಅಂದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಅಲ್ಲಿ ಅವರು, ಮಗಳು, ಮಗಳ ಮಕ್ಕಳು ಕೂತು ಉಣ್ಣುತ್ತಿದ್ದರು. ನನಗೆ ಬೇಕಾಗಿದ್ದ ಸ್ಪ್ಯಾನಿಷ್ ಎಲ್ಲ ಆ ಬಾಗಿಲಿನ ಆಚೆ ನಗುತ್ತಾ ಇರುತ್ತಿತ್ತು.

ಶಾಲೆಯ ಮೇಲ್ವಿಚಾರಕರ ಹತ್ತಿರ ಹೋಗಿ ಕೇಳಿದೆ. "ಫೀಹೆಸೆ ಕೆ..." ಅಂತ ಶುರು ಮಾಡಿದರು. ಈ ಮಾತು ಕಲಿತಿಟ್ಟುಕೊಳ್ಳಿ. ನಮ್ಮಲ್ಲಿ "ನೋಡಿ, ಏನಾಯ್ತೂಂದ್ರೆ..." ಅಂತಾರಲ್ಲ, ಅದೇ. ಇದಾದ ಮೇಲೆ ಒಳ್ಳೆ ಸುದ್ದಿ ಬಂದಿದ್ದನ್ನು ನಾನಂತೂ ಕೇಳಲಿಲ್ಲ. ಬೇರೆ ಮನೆ ಖಾಲಿ ಇಲ್ಲವಂತೆ.

ಊಟದ್ದು ಇನ್ನೊಂದು ಕಥೆ. ಫಾರಂನಲ್ಲಿ ಸಸ್ಯಾಹಾರಿ ಅಂತ ತುಂಬಿದ್ದೆ. ಮೊದಲ ರಾತ್ರಿಯೇ ಕೋಳಿ. "ಸಿನ್ ಕಾರ್ನೆ" ಅಂದೆ, ಮಾಂಸ ಬೇಡ ಅಂತ. ಆಕೆಗೆ ನಿಜಕ್ಕೂ ಆಶ್ಚರ್ಯ. ಇದು ಕಾರ್ನೆ ಅಲ್ಲವಲ್ಲ, ಪೊಯೊ! ಅಲ್ಲಿ ಮಾತಿನ ರೂಢಿಯಲ್ಲಿ ಕೋಳಿ ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. ಮರುದಿನದಿಂದ ಕಪ್ಪು ಬೀನ್ಸ್ ಕಾಳಿನ ಪಲ್ಯ, ಟೊರ್ಟಿಯಾ, ಹುರಿದ ಬಾಳೆಹಣ್ಣು. ಕಾಳು ಎಷ್ಟು ರುಚಿ ಅಂತ ಹತ್ತು ದಿನ ಚಪ್ಪರಿಸಿದ ಮೇಲೆ ಗೊತ್ತಾಯಿತು, ಅದಕ್ಕೆ ಹಾಕುತ್ತಿದ್ದದ್ದು ಮಾಂತೆಕಾ, ಅಂದರೆ ಹಂದಿ ಕೊಬ್ಬು. ಬರೀ "ಸಸ್ಯಾಹಾರಿ" ಅನ್ನಬೇಡಿ. "ನಿ ಪೊಯೊ, ನಿ ಕಾಲ್ದೊ, ನಿ ಮಾಂತೆಕಾ" ಅಂತ ಬಿಡಿಸಿ ಹೇಳಿ: ಕೋಳಿ ಬೇಡ, ಮಾಂಸದ ಸಾರು ಬೇಡ, ಕೊಬ್ಬು ಬೇಡ.

ಕ್ಲಾಸಿನ ವಿಷಯಕ್ಕೆ ಬರುತ್ತೇನೆ. ಮೊದಲ ವಾರದ ಟೀಚರ್ ಬಂಗಾರದಂಥವರು. ತೋಟದ ಮೂಲೆಯಲ್ಲಿ ಪುಟ್ಟ ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ. "ಮೆ ಗುಸ್ತಾ" ಹೇಳಿಕೊಟ್ಟ ದಿನ ನನಗೆ ಹಬ್ಬ. ಇಂಗ್ಲಿಷಿನವರು ಅಲ್ಲಿ ತಲೆ ಚಚ್ಚಿಕೊಳ್ಳುತ್ತಾರೆ. ನಮಗೇನು ಕಷ್ಟ? "ನನಗೆ ಇಷ್ಟ", ಅಷ್ಟೇ ತಾನೆ? "ಮೆ ದುಯೆಲೆ ಲಾ ರೊದಿಯಾ" ಅಂದರೆ "ನನಗೆ ಮಂಡಿ ನೋಯುತ್ತೆ". ನನ್ನ ಕೆಲಸಕ್ಕೆ ಬೇಕಾದ ವಾಕ್ಯ ಕನ್ನಡದ ಅಚ್ಚಿನಲ್ಲೇ ಕೂತಿತ್ತು. ‘ಉಸ್ತೆದ್’ ನಮ್ಮ ನೀವು, ‘ವೊಸ್’ ನಮ್ಮ ನೀನು. ಅದಕ್ಕೂ ಟೀಚರ್ ಜಾಸ್ತಿ ಕಷ್ಟ ಪಡಬೇಕಾಗಲಿಲ್ಲ.

ಎರಡನೇ ಸೋಮವಾರ ಹೋದರೆ ಅವರಿಲ್ಲ. ಫೀಹೆಸೆ ಕೆ, ಒಂದು ದೊಡ್ಡ ಗುಂಪು ಬಂದಿದೆ, ಅವರಿಗೆ ಬೇಕಾಯಿತು. ಹೊಸಬರು ಮತ್ತೆ ಅಕ್ಷರಮಾಲೆಯಿಂದ ಶುರು ಮಾಡಿದರು. ಮೂರನೇ ವಾರ ಮತ್ತೊಬ್ಬ, ಕಾಲೇಜು ಹುಡುಗ. ಅವನಿಗೆ ಇಂಗ್ಲಿಷ್ ಕಲಿಯುವ ಆಸೆ. ನಾನು ಸ್ಪ್ಯಾನಿಷಿನಲ್ಲಿ ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ. ದುಡ್ಡು ಕೊಟ್ಟು ನಾನೇ ಪಾಠ ಹೇಳಿಕೊಟ್ಟ ಹಾಗಾಯಿತು.

ಹೊರಗೆ ಬಂದರೂ ಅದೇ ಗೋಳು. ಕಷ್ಟಪಟ್ಟು ಒಂದು ವಾಕ್ಯ ಜೋಡಿಸಿಕೊಂಡು ಹೋಟೆಲಿನಲ್ಲಿ ಕಾಫಿ ಕೇಳಿದರೆ, ಹುಡುಗ ಥಟ್ ಅಂತ ಇಂಗ್ಲಿಷಿಗೆ ಹಾರುತ್ತಾನೆ. ಅವನದೂ ತಪ್ಪಲ್ಲ, ಪ್ರವಾಸಿಗರಿಂದಲೇ ಅವನ ಹೊಟ್ಟೆಪಾಡು. ಚೆಂದದ ಊರಿನ ತೊಂದರೆಯೇ ಇದು. ನಮ್ಮನ್ನು ಎಳೆದ ಫೋಟೊ ಎಲ್ಲರನ್ನೂ ಎಳೆದಿರುತ್ತೆ, ಅಲ್ವಾ?

ನಾಲ್ಕನೇ ವಾರದ ಪೆಟ್ಟು ಮಾತ್ರ ಪೂರ್ತಿ ನನ್ನ ಕೈಯಾರೆ ತಂದುಕೊಂಡದ್ದು. ಮಾರ್ಚ್ 25ರಿಂದ 29 ಅಂದರೆ ಈಸ್ಟರ್ ಹಿಂದಿನ ವಾರ, ಸೆಮಾನಾ ಸಾಂತಾ. ಗ್ವಾಟೆಮಾಲಾದ ಈ ಆಚರಣೆಯನ್ನು 2022ರಲ್ಲಿ ಯುನೆಸ್ಕೊ ಬೇರೆಯಾಗಿಯೇ ಗುರುತಿಸಿದೆ. ಆಂಟಿಗುವಾದಲ್ಲಿ ಆಗ ಕಾಲಿಡಲು ಜಾಗ ಇರುವುದಿಲ್ಲ. ಬುಧವಾರದಿಂದ ಕ್ಲಾಸ್ ಇಲ್ಲ ಅಂದರು. ಮೂರು ದಿನದ ದುಡ್ಡು? ಫೀಹೆಸೆ ಕೆ, ಕಟ್ಟಿದ್ದು ವಾಪಸ್ ಬರಲ್ಲ. ಮೇಲಿಂದ ಹಬ್ಬದ ವಾರ ಅಂತ ರೂಮಿಗೆ ಇನ್ನಷ್ಟು ಕೇಳಿದರು. ನಿಯಮಗಳ ಪುಟದ ಕೊನೆಯಲ್ಲಿ ಎರಡೂ ಬರೆದಿತ್ತು. ನಾನು ಓದಿರಲಿಲ್ಲ.

ಅದೇ ವಾರ ಒಂದು ಒಳ್ಳೇದೂ ಆಯಿತು, ಅದನ್ನು ಹೇಳದಿದ್ದರೆ ತಪ್ಪಾಗುತ್ತೆ. ಬೀದಿ ಮೂಲೆಯಲ್ಲಿ ಕಬ್ಬಿಣದ ಸರಳಿನ ಹಿಂದೆ ಕೂತು ಸಾಮಾನು ಮಾರುವ ಒಬ್ಬ ಅಮ್ಮ ಇದ್ದರು. ಅವರ ಮನೆ ಮಾತು ಕಾಕ್ಚಿಕೆಲ್ ಅನ್ನೋ ಮಾಯಾ ಭಾಷೆ, ಅವರಿಗೆ ಇಂಗ್ಲಿಷ್ ಗಂಧವೇ ಇಲ್ಲ. ದಿನಾ ಬಾಳೆಹಣ್ಣು ತರುವ ನೆಪದಲ್ಲಿ ಹತ್ತು ನಿಮಿಷ ಮಾತಾಡುತ್ತಿದ್ದೆ. ಗುರುವಾರ ರಾತ್ರಿ ಅವರ ಮನೆಯವರೆಲ್ಲ ಮೆರವಣಿಗೆ ಬರುವ ರಸ್ತೆಯಲ್ಲಿ ಅಲ್ಫೊಂಬ್ರಾ ಹಾಕಲು ಕೂತರು. ಬಣ್ಣ ಕಲಸಿದ ಮರದ ಹೊಟ್ಟು, ಪೈನ್ ಎಲೆ, ಹೂವು. ನಮ್ಮ ರಂಗೋಲಿಯೇ, ಆದರೆ ಬೀದಿಯಗಲ. ನನ್ನ ಕೈಗೂ ಒಂದು ಜರಡಿ ಕೊಟ್ಟರು. ರಾತ್ರಿ ಎರಡರ ಹೊತ್ತಿಗೆ ಆಕೆ ಏಳಲಾಗದೆ "ಮೆ ದುಯೆಲೆ ಲಾ ರೊದಿಯಾ" ಅಂದರು. ಯಾವಾಗಿನಿಂದ? ಹತ್ತುವಾಗಲೋ, ಇಳಿಯುವಾಗಲೋ? ರಾತ್ರಿ ಹೊತ್ತು ಜಾಸ್ತಿಯೋ? ಕಲ್ಲಿನ ಮೇಲೆ ಕೂತು ಎಲ್ಲ ಕೇಳಿದೆ, ಆಕೆ ಎಲ್ಲ ಹೇಳಿದರು. ಬೆಳಿಗ್ಗೆ ನೇರಳೆ ನಿಲುವಂಗಿಯವರು ದೊಡ್ಡ ಪಲ್ಲಕ್ಕಿ ಹೊತ್ತು ಅದರ ಮೇಲೇ ನಡೆದು ಹೋದರು. ಐದು ನಿಮಿಷದಲ್ಲಿ ಎಲ್ಲ ಮಣ್ಣು.

ಈಗ ಹೋಗುವವರಿಗೆ. ನನ್ನ ಪಕ್ಕದ ಮೇಜಿನ ಡಚ್ ಹುಡುಗಿ ಏನೂ ಬುಕ್ ಮಾಡದೆ ಬಂದಿದ್ದಳು. ಎರಡು ರಾತ್ರಿ ಲಾಡ್ಜಿನಲ್ಲಿದ್ದು, ಮೂರು ಶಾಲೆ ಸುತ್ತಿ, ಟೀಚರ್ ಜೊತೆ ಒಂದು ಗಂಟೆ ಕೂತು ನೋಡಿ, ವಾರವಾರ ಅಲ್ಲಿನ ದುಡ್ಡು ಕೆಟ್ಸಾಲ್‌ನಲ್ಲೇ ಕೊಡುತ್ತಿದ್ದಳು. ನನಗಿಂತ ಕಮ್ಮಿಗೆ. ಹಾಗೆ ಮಾಡಿ. ಮುಂಗಡ ಕೇಳಿದರೆ ಒಂದು ವಾರದ್ದು ಮಾತ್ರ ಕೊಡಿ. ಮನೆಯಲ್ಲಿ ಎಷ್ಟು ಜನ ವಿದ್ಯಾರ್ಥಿಗಳು, ಮನೆಯವರು ಜೊತೆಗೆ ಕೂತು ಉಣ್ಣುತ್ತಾರಾ, ಟೀಚರ್ ಬದಲಾಗುತ್ತಾರಾ ಅಂತ ಬರಹದಲ್ಲಿ ಕೇಳಿ. ಕಲಿಯುವುದೇ ಮುಖ್ಯ ಆದರೆ ಗ್ವಾಟೆಮಾಲಾದ್ದೇ ಇನ್ನೊಂದು ಊರು ಕೆಟ್ಸಾಲ್ತೆನಾಂಗೊ ನೋಡಿ, ಅಲ್ಲಿನವರು ಶೇಲಾ ಅಂತಾರೆ. 2,300 ಮೀಟರ್ ಮೇಲಿದೆ, ಚಳಿ ಜಾಸ್ತಿ, ಫೋಟೊಗೆ ಅಷ್ಟು ಚೆಂದ ಇಲ್ಲ. ಪ್ರವಾಸಿಗರೂ ಕಮ್ಮಿ, ಇಂಗ್ಲಿಷೂ ಕಮ್ಮಿ.

ಇನ್ನೊಂದು, 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ ಬರುತ್ತೆ. ಅದರ ಹಿಂದಿನ ವಾರ ಬೇಕಾದರೆ ರಂಗೋಲಿ ಹಾಕಲು ಹೋಗಿ, ಕ್ಲಾಸಿಗೆ ದುಡ್ಡು ಕಟ್ಟಬೇಡಿ.