ಕರೆಂಟು ಹೋದರೂ ಹಠ ಮಾಡದ ಲ್ಯಾಂಪ್: ಇಎಸ್‌ಪಿಹೋಮ್ ಹಾಕಿದ ಮೇಲೆ

ಕಾಸರಗೋಡಿನ ಬದಿಯಡ್ಕದ ಕಡೆಯ ನಮ್ಮ ಮನೆಯಲ್ಲಿ ಮಳೆಗಾಲ ಅಂದರೆ ಕರೆಂಟು ಹೋಗಿ ಬರುವ ಕಾಲ. ಒಂದು ಕಂಗು ಲೈನಿನ ಮೇಲೆ ಬಿದ್ದರೆ ಮುಗಿಯಿತು. ಮಂಚದ ಪಕ್ಕದ ಸ್ಮಾರ್ಟ್ ಲ್ಯಾಂಪಿಗೆ ಇದು ಒಗ್ಗಲೇ ಇಲ್ಲ. ನಡುರಾತ್ರಿ ಕರೆಂಟು ಬಂದರೆ ತಾನೂ ಫುಲ್ ಬೆಳಕಿನಲ್ಲಿ ಹೊತ್ತಿಕೊಳ್ಳುತ್ತಿತ್ತು. ನೆಟ್ ಇಲ್ಲದಿದ್ದರೆ ಆ್ಯಪ್ ಸುಮ್ನೆ ತಿರುಗುತ್ತಾ ಕೂರುತ್ತಿತ್ತು. ಕೈಗೆಟುಕುವ ದೀಪಕ್ಕೆ ಹೊರದೇಶದ ಸರ್ವರ್ ಅಪ್ಪಣೆ ಕೊಡಬೇಕು ಅಂದರೆ ಹೇಗೆ? ಲ್ಯಾಂಪನ್ನು ಒಳಗಿಂದ ನಡೆಸುವ ಕಂಪನಿಯ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್ ತೆಗೆದು, ಅದರ ಜಾಗದಲ್ಲಿ ಇಎಸ್‌ಪಿಹೋಮ್ ಅನ್ನುವ ಓಪನ್ ಸೋರ್ಸ್ ಫರ್ಮ್‌ವೇರ್ ಹಾಕಿದೆ. ಸ್ಮಾರ್ಟ್ ಉಪಕರಣಗಳನ್ನೆಲ್ಲ ಮನೆಯೊಳಗಿಂದಲೇ ನಡೆಸುವ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್ ಮೊದಲೇ ಮನೆಯಲ್ಲಿತ್ತು.

ಮೊದಲ ಸಲ ಹಾಕುವುದೇ ಕಷ್ಟದ ಕೆಲಸ. ಒಳಗಿರುವುದು ಇಎಸ್‌ಪಿ32 ಚಿಪ್. ತಳ ಬಿಚ್ಚಿ, ಬೋರ್ಡಿನ ಸಣ್ಣ ಸಣ್ಣ ಪ್ಯಾಡ್‌ಗಳಿಗೆ ವೈರ್ ಬೆಸುಗೆ ಹಾಕಬೇಕು. ಚಿಪ್ಪನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ 3.3 ವೋಲ್ಟಿನದ್ದೇ ಆಗಬೇಕು, 5 ವೋಲ್ಟ್ ಕೊಟ್ಟರೆ ಚಿಪ್ ಸುಡಬಹುದು. ಚಿಪ್ಪಿನ ಜಿಪಿಐಒ 0 ಅನ್ನುವ ಪಿನ್ನನ್ನು ಗ್ರೌಂಡಿಗೆ ಸೇರಿಸಿಟ್ಟು ಪವರ್ ಕೊಟ್ಟರೆ ಮಾತ್ರ ಅದು ಹೊಸ ಫರ್ಮ್‌ವೇರ್ ತೆಗೆದುಕೊಳ್ಳುತ್ತದೆ. ಹಳೆಯದರ ಬ್ಯಾಕಪ್ ತೆಗೆಯದೆ ಮುಂದೆ ಹೋಗಬೇಡಿ. ನಂತರದ ಅಪ್‌ಡೇಟೆಲ್ಲ ವೈಫೈಯಲ್ಲೇ, ಬಿಚ್ಚುವ ರಗಳೆ ಇಲ್ಲ.

ನಿಜವಾದ ಆಟ ಇರುವುದು ಸೆಟ್ಟಿಂಗಿನಲ್ಲಿ. ಇಎಸ್‌ಪಿಹೋಮಿನಲ್ಲಿ ರೀಬೂಟ್ ಟೈಮ್‌ಔಟ್ ಅಂತ ಒಂದಿದೆ. ನೀವು ಬದಲಿಸದಿದ್ದರೆ ಅದು 15 ನಿಮಿಷ. ಅಷ್ಟು ಹೊತ್ತು ಹೋಮ್ ಅಸಿಸ್ಟೆಂಟ್ ಅಥವಾ ವೈಫೈ ಸಿಗದಿದ್ದರೆ ಲ್ಯಾಂಪ್ ತಾನೇ ರೀಸ್ಟಾರ್ಟ್ ಆಗುತ್ತದೆ. ನಮ್ಮಲ್ಲಿ ಮಲಗುವ ಕೋಣೆ ಇನ್ವರ್ಟರಿನಲ್ಲಿದೆ, ರೂಟರ್ ಮತ್ತು ಹೋಮ್ ಅಸಿಸ್ಟೆಂಟಿನ ಪೆಟ್ಟಿಗೆ ಅದಕ್ಕೆ ಸೇರಿಲ್ಲ. ಹಾಗಾಗಿ ಕರೆಂಟು ಹೋದ ರಾತ್ರಿ ಓದುತ್ತಾ ಮಲಗಿದ್ದರೆ ಗಳಿಗೆಗೊಮ್ಮೆ ದೀಪ ಆರುತ್ತಿತ್ತು. ಎಪಿಐ (ಹೋಮ್ ಅಸಿಸ್ಟೆಂಟ್ ಜೊತೆ ಮಾತಾಡುವ ಭಾಗ), ವೈಫೈ ಎರಡರ ಸೆಟ್ಟಿಂಗಿನಲ್ಲೂ ಇದನ್ನು 0 ಮಾಡಿದರೆ ಕಾಟ ತಪ್ಪುತ್ತದೆ. ಒಂದರಲ್ಲಿ ಮಾತ್ರ ಮಾಡಿದರೆ ಸಾಲದು. ಪವರ್ ಬಂದಾಗ ದೀಪ ಹೇಗಿರಬೇಕು ಅಂತ ಹೇಳುವ ರೀಸ್ಟೋರ್ ಮೋಡ್ ಕೂಡ ನೋಡಿಕೊಳ್ಳಿ. ಈಗ ಕರೆಂಟು ಬಂದಾಗ ಲ್ಯಾಂಪ್ ಮೊದಲು ಹೇಗಿತ್ತೋ ಹಾಗೇ ಇರುತ್ತದೆ, ಆರಿಸಿದ್ದರೆ ಆರಿಯೇ ಇರುತ್ತದೆ.

ಅಮ್ಮನ ದೂರು ಬೇರೆಯೇ. "ಎಂತ ಮಾರಾಯಾ, ಹೊತ್ತಲಿಕ್ಕೆ ಇಷ್ಟು ಹೊತ್ತು?" ಬೆಳಕು ನಿಧಾನ ಏರುವುದು ಅವರಿಗೆ ಹಿಡಿಸಲಿಲ್ಲ. ನಾವು ಬದಲಿಸದಿದ್ದರೆ ಆ ಏರಿಕೆಗೆ ಇಎಸ್‌ಪಿಹೋಮ್ 1 ಸೆಕೆಂಡ್ ತೆಗೆದುಕೊಳ್ಳುತ್ತದೆ. 200 ಮಿಲಿಸೆಕೆಂಡಿಗೆ ಇಳಿಸಿದೆ, ದೂರು ನಿಂತಿತು. ಹದಿನಾರು ಬಣ್ಣ, ಡಿಸ್ಕೋ ಎಫೆಕ್ಟ್ ಎಲ್ಲ ಇದೆ, ಯಾರೂ ಮುಟ್ಟುವುದಿಲ್ಲ.

ಬೇಸರದ ವಿಷಯ ಅಂದರೆ ಅಪ್‌ಡೇಟ್. ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತದೆ. ಟಚ್ ಪಟ್ಟಿ ಕೆಲಸ ಮಾಡಲು ಬೇಕಾದ ಭಾಗವನ್ನು ಹೊರಗಿನವರು ಬರೆದದ್ದು, ಅದು ಒಮ್ಮೊಮ್ಮೆ ಹೊಸ ಆವೃತ್ತಿಗೆ ಕೂರುವುದಿಲ್ಲ. ಚೆನ್ನಾಗಿ ನಡೆಯುತ್ತಿದ್ದರೆ ಹಾಗೇ ಬಿಡಿ. ಯೋಜನೆಯೇ ನಿಂತುಹೋದೀತು ಅನ್ನುವ ಭಯ ನನಗಿಲ್ಲ, 2024ರಿಂದ ಅದು ಓಪನ್ ಹೋಮ್ ಫೌಂಡೇಶನ್ ಅನ್ನುವ ಲಾಭರಹಿತ ಸಂಸ್ಥೆಯ ಕೈಯಲ್ಲಿದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಬೆಸುಗೆ ಗೊತ್ತಿಲ್ಲದವರಿಗೆ ಎರಡೇ. ಇದಕ್ಕೆಂದೇ ಲ್ಯಾಂಪ್ ಕೊಳ್ಳುವವರು ಒಳಗಿನ ಚಿಪ್ ಯಾವುದು ಅಂತ ಮೊದಲು ಖಚಿತ ಮಾಡಿಕೊಳ್ಳಿ. ಹೊರಗಿನಿಂದ ಒಂದೇ ಥರ ಕಾಣುವ ಲ್ಯಾಂಪಿನೊಳಗೆ ಬೇರೆ ಕಂಪನಿಯ ಚಿಪ್ ಇರುವುದೂ ಉಂಟು, ಅಂಗಡಿಯವರಿಗೆ ಅದು ಗೊತ್ತಿರುವುದಿಲ್ಲ.