ಕಾಣಿಕೆ ಲಕೋಟೆ: 52ರ ಕಟ್ಟನ್ನು ತೂಗಿ ನೋಡಿದಾಗ

ಕ್ರೈಸ್ತ ಸಭೆಗೆ ವಾರವಾರ ಕಾಣಿಕೆ ಕೊಡಲು ಮನೆಮನೆಗೆ ಹಂಚುವ ಒಂದು ಕಟ್ಟಿನಲ್ಲಿ 52 ಲಕೋಟೆ. ಪ್ರತಿಯೊಂದರ ಮೇಲೂ ಕುಟುಂಬದ ನಂಬರು, ಭಾನುವಾರದ ತಾರೀಕು, ಜೊತೆಗೆ ದಶಮಾಂಶ (ಆದಾಯದ ಹತ್ತರಲ್ಲೊಂದು ಪಾಲು), ಕಾಣಿಕೆ, ಮಿಷನ್ ಎಂದು ಮೂರು ಗೆರೆ. ಹಿಂದಿನ ಮಡಿಕೆಯ ಮೇಲೆ ಬೈಬಲಿನ ಒಂದು ವಚನ. ನೋಡಲು ಇಷ್ಟೇ. ಆದರೂ ಕಾಣಿಕೆ ಚೀಲ, ಬಾಗಿಲ ಬಳಿಯ ಡಬ್ಬಿ, ಕ್ಯೂಆರ್ ಕೋಡ್, ಬ್ಯಾಂಕಿನಿಂದ ತಾನಾಗಿ ಹೋಗುವ ಕಂತು ಎಲ್ಲವನ್ನೂ ಪಕ್ಕದಲ್ಲಿಟ್ಟು ತೂಗಿದರೆ ಈ ಹಳೇ ಕಾಗದದ ಕಟ್ಟೇ ಮೇಲು. ಒಂದೇ ಒಂದು ಶರತ್ತು: ಅದರ ಮೇಲೆ ಏನು ಅಚ್ಚಾಗಬೇಕು ಅನ್ನುವುದನ್ನು ಪ್ರೆಸ್ಸಿನವರಿಗೆ ಬಿಡಬಾರದು.

ಲಕೋಟೆ ತನ್ನ ಕೆಲಸ ಮಾಡುವುದು ಶನಿವಾರ ರಾತ್ರಿ. ಚೀಲ ಎದುರಿಗೆ ಬಂದಾಗ ಜೇಬು ತಡಕಿದರೆ ಕೈಗೆ ಸಿಕ್ಕಿದ್ದು ಕಾಣಿಕೆಯಾಗುತ್ತದೆ. ಮನೆಯಲ್ಲಿ ಕೂತು ತುಂಬಿಸಿದರೆ ಯೋಚಿಸಿದ್ದು ಕಾಣಿಕೆಯಾಗುತ್ತದೆ. ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದದ್ದೂ ಇದನ್ನೇ. ವಾರದ ಮೊದಲನೆಯ ದಿನ ಪ್ರತಿಯೊಬ್ಬರೂ ತಮಗೆ ಬಂದದ್ದಕ್ಕೆ ತಕ್ಕಂತೆ ತೆಗೆದಿಡಲಿ, ನಾನು ಬಂದಾಗ ವಸೂಲಿ ನಡೆಯುವುದು ಬೇಡ (1 ಕೊರಿಂಥ 16:2). ಆ ಹಣ ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಹೋಗುವಂಥದ್ದು ಅನ್ನುವುದನ್ನೂ ಮರೆಯಬಾರದು. ನಾಲ್ಕನೇ ಶತಮಾನದ ಕೊನೆಯ ಹೊತ್ತಿಗೆ ಇದೇ ಭಾಗದ ಮೇಲೆ ಉಪದೇಶ ಮಾಡಿದ ಜಾನ್ ಕ್ರಿಸೊಸ್ತೊಮ್, ಮನೆಯಲ್ಲಿ ಪ್ರಾರ್ಥನೆಗೆ ನಿಲ್ಲುವ ಜಾಗದ ಹತ್ತಿರವೇ ಬಡವರ ಪಾಲಿನ ಪುಟ್ಟ ಪೆಟ್ಟಿಗೆ ಇಡಿ, ಮೊದಲು ಅದರಲ್ಲಿ ಹಾಕಿ, ಆಮೇಲೆ ಪ್ರಾರ್ಥಿಸಿ ಎಂದ. ಕಟ್ಟು ಇಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಬೀರುವಿನ ಕೆಳಗಿನ ಖಾನೆಗೆ ಹೋದ ಕಟ್ಟು ಮಾರ್ಚ್ ಹೊತ್ತಿಗೆ ಮರೆತೇ ಹೋಗಿರುತ್ತದೆ.

ಎರಡನೆಯ ಗುಣ ಮರೆ. ತೆರೆದ ತಟ್ಟೆಯಲ್ಲಿ ಮುಂದಿನ ಸಾಲಿನವರು ಹಾಕಿದ ನೋಟಿನ ಬಣ್ಣ ಹಿಂದಿನ ಸಾಲಿಗೆ ಕಾಣುತ್ತದೆ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಅನ್ನುವ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಯೆರೂಸಲೇಮಿನ ದೇವಾಲಯದಲ್ಲಿ ಕೊಂಬಿನ ಆಕಾರದ 13 ಕಾಣಿಕೆ ಪೆಟ್ಟಿಗೆಗಳಿದ್ದವು, ಒಂದೊಂದರ ಮೇಲೂ ಯಾವ ಬಾಬ್ತು ಎಂದು ಬರೆದಿತ್ತು ಎಂದು ಯೆಹೂದ್ಯರ ಮಿಷ್ನಾ ಹೇಳುತ್ತದೆ. ಅದೇ ಗ್ರಂಥ ಇನ್ನೊಂದು ಕೋಣೆಯ ವಿಷಯವನ್ನೂ ಹೇಳುತ್ತದೆ. ದೈವಭಕ್ತರು ಅಲ್ಲಿ ಗುಟ್ಟಾಗಿ ಹಣ ಇಟ್ಟು ಬರುತ್ತಿದ್ದರು, ಒಳ್ಳೆಯ ಮನೆತನದ ಬಡವರು ಅಷ್ಟೇ ಗುಟ್ಟಾಗಿ ಅದರಿಂದ ನೆರವು ಪಡೆಯುತ್ತಿದ್ದರು. ಕೊಡುವ ಗುಟ್ಟನ್ನು ನಮ್ಮ ಲಕೋಟೆಗಳು ಚೆನ್ನಾಗಿ ಕಾಯುತ್ತವೆ. ಪಡೆಯುವವರ ಗುಟ್ಟಿಗೆ ಹೆಚ್ಚಿನ ಕಟ್ಟುಗಳಲ್ಲಿ ಒಂದು ಗೆರೆಯೂ ಇರುವುದಿಲ್ಲ. ಹಿಂಬದಿಯಲ್ಲಿ ‘ಈ ವಾರ ನಮಗೇ ಸಹಾಯ ಬೇಕು’ ಎಂದು ಒಂದು ಚಿಕ್ಕ ಚೌಕ ಹಾಕಿಸಿದರೆ ಸಾಕು. ಆಗ ಖಾಲಿ ಲಕೋಟೆಯೂ ಮಾತಾಡುತ್ತದೆ, ಹಾಕುವ ಕೈ ಎಲ್ಲರ ಕೈಯಂತೆಯೇ ಕಾಣುತ್ತದೆ.

ಇನ್ನು ಸಾಮಾನಿನ ವಿಚಾರ. ಜೆರಾಕ್ಸ್ ಹಾಳೆಯ ದಪ್ಪದ, ಅಂದರೆ 70–80 ಜಿಎಸ್‌ಎಂ ಕಾಗದ ಬೇಡ. ಬೆಳಕಿಗೆ ಹಿಡಿದರೆ ಒಳಗಿನ ನೋಟು ಯಾವುದೆಂದು ತಿಳಿಯುತ್ತದೆ, ಮರೆಯ ಮಾತು ಅಲ್ಲಿಗೇ ಮುಗಿಯಿತು. 100 ಜಿಎಸ್‌ಎಂ ಇರಲಿ, ಇಲ್ಲವೇ ಒಳಮೈಗೆ ಗೀರು ವಿನ್ಯಾಸ ಅಚ್ಚು ಹಾಕಿಸಿ. ಅಳತೆ ಎಷ್ಟಿರಬೇಕೆಂದರೆ, ಚಲಾವಣೆಯಲ್ಲಿರುವ ದೊಡ್ಡ ನೋಟು ಒಂದೇ ಮಡಿಕೆಯಲ್ಲಿ ಒಳಗೆ ಕೂರಬೇಕು. ಮೂರು ಮಡಿಕೆಯ ನೋಟು ಲಕೋಟೆಯ ಮೂಲೆಯಲ್ಲಿ ಅಡಗಿ ಕೂರುತ್ತದೆ. ಎಣಿಕೆಯ ಮೇಜಿನ ತಪ್ಪುಗಳಲ್ಲಿ ಮಾಮೂಲಿಯಾದದ್ದು ಇದೇ. ಗೋಂದು ಇನ್ನೊಂದು ತಲೆನೋವು. ನೀರು ತಾಗಿಸಿ ಅಂಟಿಸುವ ಬಗೆ ತೇವದ ಹವೆಯಲ್ಲಿ ತಾನೇ ಅಂಟಿಕೊಂಡು, ವರ್ಷದ ನಡುವಿನ ಲಕೋಟೆಗಳು ತುಂಬಿಸುವ ಮೊದಲೇ ಮುಚ್ಚಿರುತ್ತವೆ. ಪಟ್ಟಿ ಕಿತ್ತು ಅಂಟಿಸುವ ಬಗೆ ದುಬಾರಿ, ಆದರೆ ತಗಾದೆ ಇಲ್ಲ. ಸ್ಟೇಪ್ಲರ್ ಪಿನ್ನಂತೂ ಬೇಡವೇ ಬೇಡ: ನೋಟು ಹರಿಯುತ್ತದೆ, ಎಣಿಸುವವರ ಬೆರಳಿಗೂ ಚುಚ್ಚುತ್ತದೆ. ಮಕ್ಕಳ ಕಟ್ಟಿಗೆ ಕೆಳಗಿನ ಅಂಚು ಎರಡು ಪದರ ಇರಲಿ, ನಾಣ್ಯದ ಭಾರಕ್ಕೆ ಮೊದಲು ಬಿಡುವುದು ಅದೇ.

ತಾರೀಕು ಅಚ್ಚಾದ ಕಟ್ಟೋ, ಬರೀ ನಂಬರಿನ ಕಟ್ಟೋ? ತಾರೀಕಿನದ್ದರಲ್ಲಿ ತಪ್ಪಿಸಿದ ವಾರ ಕಣ್ಣಿಗೆ ಬೀಳುತ್ತದೆ. ಊರಲ್ಲಿ ಇಲ್ಲದಿದ್ದವರು ಬಂದ ಮೇಲೆ ಎರಡನ್ನೂ ತುಂಬಿಸಬಹುದು. ಆದರೆ ಕೆಲಸ ಕಳೆದುಕೊಂಡ ಮನೆಯಲ್ಲಿ ಉಳಿದ ಆರು ಲಕೋಟೆ ಸಾಲದ ಚೀಟಿಯ ಹಾಗೆ ಕಾಣುತ್ತವೆ. ತಿಂಗಳ ಸಂಬಳದವರಿಗೆ 12ರ ಕಟ್ಟೇ ಒಳ್ಳೆಯದು, 52 ಬಲವಂತ. 52 ಎಲ್ಲ ವರ್ಷಕ್ಕೂ ಸಾಲುವುದಿಲ್ಲ ಅನ್ನುವುದೂ ನೆನಪಿರಲಿ. 2023ರಲ್ಲಿ 53 ಭಾನುವಾರಗಳಿದ್ದವು, 2028ರಲ್ಲೂ ಇರುತ್ತವೆ. ಡಿಸೆಂಬರ್ 31ರ ಆರಾಧನೆಗೆ ಲಕೋಟೆ ಇಲ್ಲವೆಂದು ಖಜಾಂಚಿಯ ಹತ್ತಿರ ಓಡುವುದು ಆ ವರ್ಷಗಳಲ್ಲೇ.

ನಂಬರು ಕೊಡುವಾಗ ಆಗುವ ತಪ್ಪು ಬಹಳ ಸರಳ. ಸದಸ್ಯರ ಪಟ್ಟಿಯನ್ನು ಅಕ್ಷರಮಾಲೆಯ ಕ್ರಮದಲ್ಲಿ ಇಟ್ಟು 1, 2, 3 ಎಂದು ಹಂಚುತ್ತಾರೆ. ಪಟ್ಟಿ ಇದ್ದ ಯಾರು ಬೇಕಾದರೂ 47 ಯಾರೆಂದು ಎರಡು ನಿಮಿಷದಲ್ಲಿ ಕಂಡುಹಿಡಿಯಬಹುದು. ಚೀಟಿ ಎತ್ತಿ ಹಂಚಿ. ತೀರಿಕೊಂಡವರ, ಸಭೆ ಬಿಟ್ಟವರ ನಂಬರನ್ನು ಅದೇ ವರ್ಷ ಇನ್ನೊಬ್ಬರಿಗೆ ಕೊಡಬೇಡಿ, ವರ್ಷದ ಕೊನೆಯ ರಸೀದಿ ಅದಲುಬದಲಾಗುತ್ತದೆ. ನಂಬರು–ಹೆಸರು ಪುಸ್ತಕ ಒಬ್ಬರ ಹತ್ತಿರ ಮಾತ್ರ ಇರಲಿ, ಆ ಒಬ್ಬರು ಸಭಾಪಾಲಕರಾಗದಿರಲಿ. ಯಾರು ಎಷ್ಟು ಕೊಟ್ಟರೆಂದು ತಿಳಿದವರಿಗೆ ಆಸ್ಪತ್ರೆಯಲ್ಲಿ ಯಾರನ್ನು ಮೊದಲು ನೋಡಿ ಬರಬೇಕು ಅನ್ನುವುದೂ ಒಂದು ಪರೀಕ್ಷೆಯಾಗಿಬಿಡುತ್ತದೆ.

ಎಣಿಕೆಗೆ ಕನಿಷ್ಠ ಇಬ್ಬರು, ಒಂದೇ ಮನೆಯವರಲ್ಲ, ತಿಂಗಳಿಗೊಮ್ಮೆ ಬದಲಾಗುವವರು. ಮಡಿಕೆಯ ಕಡೆ ತೆರೆಯದೆ ಪಕ್ಕದ ಅಂಚನ್ನು ಕತ್ತರಿಸಬೇಕು, ಮೇಲೆ ಬರೆದ ಅಂಕಿ ಹರಿಯುವುದಿಲ್ಲ. ಒಳಗಿನದನ್ನು ತೆಗೆದು, ಬರೆದ ಮೊತ್ತದ ಜೊತೆ ಹೋಲಿಸಿ, ಖಾಲಿ ಲಕೋಟೆಯನ್ನು ಒಮ್ಮೆ ದೀಪಕ್ಕೆ ಹಿಡಿದು ನೋಡಬೇಕು. ಬರೆದದ್ದಕ್ಕೂ ಇದ್ದದ್ದಕ್ಕೂ ವ್ಯತ್ಯಾಸ ಬಂದರೆ ಸಿಕ್ಕಿದ ಮೊತ್ತವನ್ನು ಕೆಂಪು ಶಾಯಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಲೆಕ್ಕ ಬರೆಯುವವರು ಮೂರನೆಯವರು. ಲೆಕ್ಕಪರಿಶೋಧನೆ ಮುಗಿಯುವ ತನಕ ಖಾಲಿ ಲಕೋಟೆಗಳನ್ನು ಬಿಸಾಡಬಾರದು. ತಕರಾರು ಬಂದ ದಿನ ಸಾಕ್ಷಿ ಅವೇ. ಇಷ್ಟೆಲ್ಲ ಕಟ್ಟುಪಾಡು ಯಾಕೆ, ಎಲ್ಲರೂ ವಿಶ್ವಾಸಿಗಳೇ ಅಲ್ಲವೇ ಎಂದು ಕೇಳುವವರು ಎಲ್ಲ ಸಭೆಯಲ್ಲೂ ಒಬ್ಬರಿರುತ್ತಾರೆ. ಯೆರೂಸಲೇಮಿನ ದೇವಾಲಯದ ಬೊಕ್ಕಸದಿಂದ ಹಣ ತೆಗೆಯುವವನು ಕಾಸು ಅಡಗಿಸಲು ಎಡೆಯಾಗುವ ಮಡಿಕೆ ಹೊಲಿದ ಬಟ್ಟೆ, ಪಾದರಕ್ಷೆ ತೊಟ್ಟು ಒಳಗೆ ಹೋಗಬಾರದಿತ್ತು. ನಾಳೆ ಅವನು ಬಡವನಾದರೆ ಬೊಕ್ಕಸ ಮುಟ್ಟಿದ ಶಿಕ್ಷೆ ಅಂದಾರು, ಶ್ರೀಮಂತನಾದರೆ ಬೊಕ್ಕಸದಿಂದಲೇ ಅಂದಾರು ಎಂದು ಮಿಷ್ನಾ ಕಾರಣ ಕೊಡುತ್ತದೆ. ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವ ಕೆಲಸಕ್ಕೆ ಪೌಲ ಕೂಡ ತನ್ನ ಸಂಗಡಿಗ ತೀತನ ಜೊತೆಗೆ ಇನ್ನಿಬ್ಬರನ್ನು ಕಳಿಸಿದ್ದ, ಯಾರೂ ಬೆರಳು ತೋರಿಸದಿರಲಿ ಎಂದು (2 ಕೊರಿಂಥ 8:16–22).

ಈಗ ಅಚ್ಚಿನ ಮಾತು. ತಯಾರು ಸಿಗುವ ಕಟ್ಟುಗಳ ಮಡಿಕೆಯ ಮೇಲೆ ಮಲಾಕಿ 3:10 ಕಾಣುವುದು ಮಾಮೂಲು: ದಶಮಾಂಶ ತನ್ನಿ, ಪರಲೋಕದ ದ್ವಾರ ತೆರೆಯುತ್ತೇನೆ. ಅದೇ ಅಧ್ಯಾಯದ 5ನೇ ವಚನ ಅಚ್ಚಾಗುವುದು ಅಪರೂಪ. ಅಲ್ಲಿ ಕೂಲಿಯವನ ಸಂಬಳದಲ್ಲಿ ಮೋಸ ಮಾಡುವವರು, ವಿಧವೆ ಅನಾಥರನ್ನು ಹಿಂಸಿಸುವವರು ಕಟಕಟೆಯಲ್ಲಿದ್ದಾರೆ. ಮನೆಕೆಲಸದವರ ಬಾಕಿ ಉಳಿಸಿಕೊಂಡು ತುಂಬಿಸಿದ ಲಕೋಟೆಗೆ 10ನೇ ವಚನ ಹೊಂದುವುದಿಲ್ಲ. ದೇವಾಲಯದ ಪೆಟ್ಟಿಗೆಗೆ ತನ್ನಲ್ಲಿದ್ದ ಎರಡೇ ಕಾಸು ಹಾಕಿದ ಬಡ ವಿಧವೆಯ ಚಿತ್ರ ಹಾಕಿಸುವವರೂ ಮಾರ್ಕ 12:40ನ್ನು ಓದಿದರೆ ಒಳ್ಳೆಯದು. ಅವಳು ಬರುವುದಕ್ಕೆ ತುಸು ಮೊದಲೇ ವಿಧವೆಯರ ಮನೆ ನುಂಗುವ ಶಾಸ್ತ್ರಿಗಳ ಮಾತು ಬಂದಿರುತ್ತದೆ. ‘ದಶಮಾಂಶ’ ಎಂಬ ಗೆರೆಯ ಬಗ್ಗೆ ಒಂದು ತಕರಾರು. ಮೋಶೆಯ ಕಾನೂನಿನಲ್ಲಿ ಅದು ಬೆಳೆ ಮತ್ತು ಹಿಂಡಿನ ಮೇಲಿನದು, ಲೇವಿಯರ ಪಾಲು. ಪ್ರತಿ ಮೂರನೇ ವರ್ಷದ್ದು ಪರದೇಶಿ, ಅನಾಥ, ವಿಧವೆಯರಿಗೂ ಸೇರುತ್ತಿತ್ತು (ಧರ್ಮೋಪದೇಶಕಾಂಡ 14:28–29). ಕಡಿತಕ್ಕೆ ಮುಂಚಿನ ಸಂಬಳದ ಹತ್ತರಲ್ಲೊಂದೋ, ಕೈಗೆ ಬಂದದ್ದರಲ್ಲೋ ಎಂಬ ಜಗಳಕ್ಕೆ ಅಲ್ಲಿ ನೇರ ಉತ್ತರವಿಲ್ಲ. ಹತ್ತು ಕೆಲವರಿಗೆ ಹೊರೆ, ಕೆಲವರಿಗೆ ನೆಪ. ಮೆಥೊಡಿಸ್ಟ್ ಪಂಥಕ್ಕೆ ನಾಂದಿ ಹಾಡಿದ ಜಾನ್ ವೆಸ್ಲಿ ಉಪದೇಶವೊಂದರಲ್ಲಿ ಆಕ್ಸ್‌ಫರ್ಡಿನ ಮೆಥೊಡಿಸ್ಟನೊಬ್ಬನ ಲೆಕ್ಕ ಕೊಡುತ್ತಾನೆ. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಕೊಟ್ಟ, 60 ಬಂದಾಗಲೂ 28ರಲ್ಲೇ ಬದುಕಿ 32 ಕೊಟ್ಟ, 120 ಬಂದ ವರ್ಷ 92 ಕೊಟ್ಟ. ಅವನಿಗೆ ದಶಮಾಂಶದ ಗೆರೆ ಸಾಲುತ್ತಿರಲಿಲ್ಲ. ಗೆರೆಯ ಮೇಲೆ ‘ದಶಮಾಂಶ’ ಎಂಬ ಹೆಸರು ಹಾಕದೆ ಹಣ ಹೋಗುವ ಬಾಬ್ತು ಮಾತ್ರ ಬರೆಸಿ: ಸಭೆ, ಬಡವರು, ಮಿಷನ್.

ಇದೇ ಜಾತಿಯ ಇನ್ನೊಂದು ಸರಕಿದೆ, ‘ಬಿತ್ತನೆ’ ಲಕೋಟೆ. ಮೊತ್ತ ಮೊದಲೇ ಅಚ್ಚಾಗಿರುತ್ತದೆ, ಪಕ್ಕದಲ್ಲಿ ನಿಮಗೆ ಬೇಕಾದ ಅದ್ಭುತ ಬರೆಯಲು ಜಾಗ, ಕೆಳಗೆ ನೂರರಷ್ಟು ಫಲದ ವಾಗ್ದಾನ. ಬಿತ್ತಿದ ನಂಬಿಕೆ ಎಂಬ ಈ ಕಲ್ಪನೆಯನ್ನು ಕಳೆದ ಶತಮಾನದಲ್ಲಿ ಅಮೆರಿಕದ ಟಿವಿ ಬೋಧಕ ಓರಲ್ ರಾಬರ್ಟ್ಸ್ ಜನಪ್ರಿಯಗೊಳಿಸಿದರು. ಇದಕ್ಕೆ ಐದರಲ್ಲಿ ಸೊನ್ನೆ. ಬಿತ್ತುವ, ಕೊಯ್ಯುವ ಮಾತು 2 ಕೊರಿಂಥ 9ರಲ್ಲಿ ಇರುವುದು ನಿಜ. ಆದರೆ ಅಲ್ಲಿ ಬೆಳೆ ಬರುವುದು ಇನ್ನಷ್ಟು ಉದಾರವಾಗಿ ಕೊಡಲಿಕ್ಕೆ, ಮತ್ತು 7ನೇ ವಚನ ಬಲವಂತದಿಂದ ಬೇಡ ಅನ್ನುತ್ತದೆ. ಮೊತ್ತ ಅಚ್ಚಾದ ಲಕೋಟೆಯೇ ಬಲವಂತ. ಫಲ ಬಾರದಿದ್ದರೆ ತಪ್ಪು ಯಾರದು? ಕೊಟ್ಟವರ ನಂಬಿಕೆಯದು ಎಂದು ಹೇಳಿಬಿಡುತ್ತಾರೆ, ಕಾಸೂ ಹೋಯಿತು, ಧೈರ್ಯವೂ ಹೋಯಿತು. ಘಾನಾದ ಅಕ್ರೊಪಾಂಗ್‌ನಲ್ಲಿ 2008 ಮತ್ತು 2009ರಲ್ಲಿ ಸೇರಿದ, ಸುವಾರ್ತಿಕ ಕ್ರೈಸ್ತರ ಜಾಗತಿಕ ಕೂಟವಾದ ಲೊಸಾನ್ ಚಳವಳಿಯ ಆಫ್ರಿಕಾದ ದೈವಶಾಸ್ತ್ರಜ್ಞರು ಸಮೃದ್ಧಿ ಸುವಾರ್ತೆಯ, ಅಂದರೆ ನಂಬಿ ಕೊಟ್ಟರೆ ಐಶ್ವರ್ಯ ಬರುತ್ತದೆ ಎಂಬ ಬೋಧನೆಯ ಮೇಲೆ ಹೇಳಿಕೆ ಕೊಟ್ಟರು. ಮನುಷ್ಯರು ಏಳಿಗೆಯಾಗುವುದು ಬೈಬಲಿಗೆ ಒಪ್ಪಿಗೆಯೇ, ಆದರೆ ಐಶ್ವರ್ಯ ಎಂದರೆ ಯಾವಾಗಲೂ ಆಶೀರ್ವಾದ, ಬಡತನ ಎಂದರೆ ಯಾವಾಗಲೂ ಶಾಪ ಎಂಬುದನ್ನು ಒಪ್ಪುವುದಿಲ್ಲ ಎಂಬುದು ಅದರ ಸಾರ.

ಡಿಜಿಟಲ್ ದಾರಿಯ ಬಗ್ಗೆ ಚುಟುಕಾಗಿ. ತಾನಾಗಿ ಹೋಗುವ ಕಂತು ಸಭೆಯ ಬಜೆಟ್ಟಿಗೆ ವರ, ತಪ್ಪುವುದಿಲ್ಲ. ಆದರೆ ಅದನ್ನು ಕಾರ್ಡಿಗೆ ಜೋಡಿಸಿದ್ದರೆ, ಕಾರ್ಡಿನ ಅವಧಿ ಮುಗಿದ ದಿನ ಸದ್ದಿಲ್ಲದೆ ನಿಂತುಹೋಗಬಹುದು, ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗದಿರಬಹುದು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ ಮೇಲೆ ಪರದೆಯಲ್ಲಿ ಸಭೆಯ ಹೆಸರು ಬರಬೇಕು, ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. ಗೋಡೆಗೆ ಅಂಟಿಸಿದ ಕೋಡ್ ಮೇಲೆ ಬೇರೆ ಸ್ಟಿಕ್ಕರ್ ಕೂತಿದೆಯೇ ಎಂದು ವಾರಕ್ಕೊಮ್ಮೆ ಉಗುರಿನಿಂದ ಕೆರೆದು ನೋಡಿ.

52ರ ಕಟ್ಟಿಗೆ ಐದರಲ್ಲಿ ನಾಲ್ಕು. ಒಂದು ಅಂಕ ಕಡಿತ ಹಿಂಬದಿಯ ಆ ಇಲ್ಲದ ಚೌಕಕ್ಕೆ. ಆರ್ಡರ್ ಕೊಡುವ ಮುಂಚೆ ಪ್ರೂಫ್ ತರಿಸಿ, ಒಳಗೆ ಒಂದು ನೋಟು ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯಿರಿ. ಆಮೇಲೆ ಮಡಿಕೆ ತಿರುಗಿಸಿ ವಚನ ಓದಿ, ಅದರ ಹಿಂದಿನ ಐದು ವಚನಗಳನ್ನೂ ಓದಿ.