ಬೀದರಿನ ಇಂಗ್ಲಿಷ್ ಕ್ಲಾಸಿಗೆ ಯಾವ ಕಾಮಿಡಿ ಹಾಕಬೇಕು?

ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಬ್ರಿಟಿಷ್ ಕಾಮಿಡಿ ಎಂದರೆ ಮೊದಲು ನೆನಪಾಗುವುದು 1977ರಲ್ಲಿ ಶುರುವಾದ ‘ಮೈಂಡ್ ಯುವರ್ ಲ್ಯಾಂಗ್ವೇಜ್’. ಲಂಡನ್ನಿನಲ್ಲಿ ವಿದೇಶಿಯರು ಇಂಗ್ಲಿಷ್ ಕಲಿಯುವ ಕಥೆ. ಆದರೂ ಪೂರ್ತಿ ಕಂತು ಹಾಕಬೇಡಿ. ಅಲ್ಲಿ ನಗು ಹುಟ್ಟುವುದೇ ತಪ್ಪು ಇಂಗ್ಲಿಷಿನಿಂದ. ನಗಿಸಿದ ಸಾಲು ತಲೆಯಲ್ಲಿ ಕೂರುತ್ತದೆ, ಮೇಷ್ಟ್ರು ಬ್ರೌನ್ ತಿದ್ದಿದ ಸಾಲು ಪ್ರೇಕ್ಷಕರ ನಗೆಯಲ್ಲಿ ಕೇಳಿಸುವುದೇ ಇಲ್ಲ. ಇನ್ನೊಂದು ತೊಡಕು ನಮ್ಮ ಊರಿನದು. ಸಿಖ್ ರಂಜಿತ್ ಮತ್ತು ಪಾಕಿಸ್ತಾನದ ಅಲಿ ಧರ್ಮ ಹಿಡಿದು ಚುಚ್ಚಾಡುವುದೇ ಅಲ್ಲಿ ಹಾಸ್ಯ. ನಾನಕ್ ಝೀರಾ ಗುರುದ್ವಾರದ ಕಡೆಯ ಸಿಖ್ ಹುಡುಗರೂ ದಖನಿ ಉರ್ದು ಮಾತಾಡುವ ಮನೆಯ ಮಕ್ಕಳೂ ಒಟ್ಟಿಗೆ ಕೂರುವ ಕ್ಲಾಸಿನಲ್ಲಿ ಆ ನಗು ತೆರೆ ದಾಟಿ ಪಕ್ಕದ ಬೆಂಚಿಗೆ ತಾಗುತ್ತದೆ. ಹಾಕಲೇಬೇಕೆಂದರೆ ಅಂಥ ಜಗಳವಿಲ್ಲದ 2 ನಿಮಿಷದ ತುಣುಕು ಆರಿಸಿ. ತಪ್ಪು ಸಾಲು ಬಂದೊಡನೆ ನಿಲ್ಲಿಸಿ, ಸರಿಯಾದದ್ದನ್ನು ಮಕ್ಕಳಿಂದಲೇ ಬರೆಸಿ, ಆಮೇಲೆ ಮುಂದಕ್ಕೆ ಬಿಡಿ.

ಹೊಸಬರಿಗೆ ನಮ್ಮ ಆಯ್ಕೆ 1990ರ ‘ಮಿಸ್ಟರ್ ಬೀನ್’. ಅದರಲ್ಲಿ ಮಾತು ಕಡಿಮೆ, ಹಾಗಾಗಿ ಮಾತಾಡುವ ಕೆಲಸ ಕ್ಲಾಸಿನದು. ಮೊದಲ ಕಂತಿನ ಪರೀಕ್ಷೆಯ ದೃಶ್ಯದಿಂದ ಶುರುಮಾಡಿ. ಪಕ್ಕದವನ ಹಾಳೆಗೆ ಇಣುಕುವ ಬೀನ್‌ನನ್ನು ನಮ್ಮಲ್ಲಿ ಯಾರಿಗೂ ವಿವರಿಸಬೇಕಿಲ್ಲ! ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿ. ತೆರೆ ಕಾಣುವವರು ನಡೆಯುತ್ತಿರುವುದನ್ನು ಹೇಳಬೇಕು, ಕಾಣದವರು ಬರೆದುಕೊಳ್ಳಬೇಕು. 90 ಸೆಕೆಂಡಿಗೆ ಜಾಗ ಬದಲಿಸಿ. ಪೀಪ್, ಲೀನ್, ಬ್ಲೋ ಇಂಥ 6 ಕ್ರಿಯಾಪದಗಳನ್ನು ಮೊದಲೇ ಬೋರ್ಡಿಗೆ ಹಾಕಿರಿ, ಇಲ್ಲದಿದ್ದರೆ ಎಲ್ಲರೂ ‘ಹೀ ಈಸ್ ಡೂಯಿಂಗ್’ ಹತ್ತಿರವೇ ಸಿಕ್ಕಿಬೀಳುತ್ತಾರೆ. ಎರಡನೆಯ ಸುತ್ತಿನಲ್ಲಿ ಅದನ್ನೇ ಭೂತಕಾಲದಲ್ಲಿ ಹೇಳಿಸಿ. ‘ಡಿಡ್ ನಾಟ್ ಸಾ’ದಂಥ ತಪ್ಪುಗಳು ಹೊರಬೀಳುವುದು ಆಗಲೇ. ಮಧ್ಯೆ ತಡೆದರೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಬರೆದಿಟ್ಟುಕೊಂಡು ಕೊನೆಗೆ ತಿದ್ದಿ. ಅದೇ ಕಂತಿನ ಚರ್ಚ್ ದೃಶ್ಯಕ್ಕೆ ಮಾತ್ರ ಪೀಠಿಕೆ ಬೇಕು. ಎದ್ದುನಿಂತು ಹಾಡುವ ಪದ್ಧತಿ ಗೊತ್ತಿಲ್ಲದವರಿಗೆ ಅರ್ಧ ನಗು ತಪ್ಪುತ್ತದೆ. ಚರ್ಚಿಗೆ ಹೋಗುವ ವಿದ್ಯಾರ್ಥಿ ಇದ್ದರೆ ವಿವರಣೆ ಅವರಿಂದಲೇ ಬರಲಿ.

ಹೋಟೆಲೊಂದರಲ್ಲಿ ನಡೆಯುವ ‘ಫಾಲ್ಟಿ ಟವರ್ಸ್’ನ 12 ಕಂತುಗಳು ಡಿಗ್ರಿ ಹುಡುಗರಿಗೂ ಗಟ್ಟಿ ತುತ್ತು. ಮಾತಿನ ವೇಗ ಜಾಸ್ತಿ, ಇಂಗ್ಲಿಷ್ ಸಬ್‌ಟೈಟಲ್ ಬೇಕೇಬೇಕು. ಇಂಗ್ಲಿಷ್ ಬಾರದ ಸ್ಪೇನಿನ ವೇಟರ್ ಅಲ್ಲಿ ಸದಾ ನಗೆಪಾಟಲು. ಸ್ಪೇನಿನವರೇ ಡಬ್ ಮಾಡಿಕೊಂಡಾಗ ಅವನನ್ನು ಇಟಲಿಯವನನ್ನಾಗಿ ಮಾಡಿಬಿಟ್ಟರು!

ಯಾವುದನ್ನೇ ಹಾಕಿ, ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ನೆಟ್ ನಿಂತರೆ ಕ್ಲಾಸು ನಿಲ್ಲುತ್ತದೆ. ಪ್ರೊಜೆಕ್ಟರಿನ ಒಳಸ್ಪೀಕರ್ ನಂಬಬೇಡಿ. ಏಪ್ರಿಲ್ ಬಿಸಿಲಿಗೆ ಫ್ಯಾನ್ ಆರಿಸುವಂತಿಲ್ಲ, ಆ ಸದ್ದಿನಲ್ಲಿ ಹಿಂದಿನ ಬೆಂಚಿಗೆ ವ್ಯಂಜನಗಳು ಮುಟ್ಟುವುದಿಲ್ಲ. ಹೊರ ಸ್ಪೀಕರ್ ಒಂದನ್ನು ಕೋಣೆಯ ನಡುವೆ ಇಡಿ.